ಥರ್ಮಲ್ ಪೇಪರ್: ಇಂಕಿಲ್ಲದ ಬಿಲ್ಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಿಲ್ಲಿಂಗ್ ಮಷಿನ್ ರಿಪೇರಿ ಮಾಡುತ್ತೇನೆ, ಜೊತೆಗೆ ರೋಲ್ ಮಾರುತ್ತೇನೆ. ಅಂಗಡಿಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಎದುರಿಗೆ ನಿಂತವರಿಗೆ ಹೇಗೆ ಹೇಳುತ್ತೇನೋ ಹಾಗೇ ಬರೆದಿದ್ದೇನೆ.

ಈ ಪ್ರಿಂಟರ್‌ಗೆ ಇಂಕ್ ಎಲ್ಲಿ ಹಾಕಬೇಕು?

ಎಲ್ಲೂ ಇಲ್ಲ. ಹೊಸದಾಗಿ ಮಷಿನ್ ತಗೊಂಡ ಕಿರಾಣಿ ಅಂಗಡಿಯವರು ಮೊದಲ ವಾರದಲ್ಲೇ ಇದನ್ನು ಕೇಳುತ್ತಾರೆ. ಇಂಕೂ ಇಲ್ಲ, ರಿಬ್ಬನ್ನೂ ಇಲ್ಲ, ಟೋನರೂ ಇಲ್ಲ. ಕಪ್ಪಾಗುವ ಸರಕು ಕಾಗದದ ಮೇಲೇ ಇದೆ. ಮಷಿನ್ ಬಿಸಿ ಮುಟ್ಟಿಸುತ್ತದೆ, ಅಷ್ಟೇ. ಬಸ್ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಷಿನ್, ಮನೆ ಬಾಗಿಲಲ್ಲಿ ಕರೆಂಟ್ ಬಿಲ್ ಕೊಡುವ ಮಷಿನ್, ದರ್ಶಿನಿ ಹೋಟೆಲಿನ ಟೋಕನ್, ಎಟಿಎಂ ಚೀಟಿ, ಪೆಟ್ರೋಲ್ ಬಂಕಿನ ರಸೀದಿ, ಆಸ್ಪತ್ರೆಯ ಇಸಿಜಿ, ಎಲ್ಲದರದ್ದೂ ಸಾಮಾನ್ಯವಾಗಿ ಇದೇ ಕಥೆ.

ಹಾಗಾದ್ರೆ ಬಿಳಿ ಕಾಗದ ಕಪ್ಪಾಗೋದು ಹೇಗೆ?

ಇದಕ್ಕೆ ಅಡುಗೆಮನೆಯಿಂದಲೇ ಶುರು ಮಾಡೋಣ. ಆರತಿ ನೀರಿಗೆ ಅರಿಶಿನ ಹಾಕಿ ಸ್ವಲ್ಪ ಸುಣ್ಣ ಬೆರೆಸಿದರೆ ಕೆಂಪಗಾಗುತ್ತದೆ ಅಲ್ವಾ? ಹಳದಿ ಇದ್ದದ್ದು ಕೆಂಪಾಗಲು ಹೊರಗಿನಿಂದ ಯಾರೂ ಕೆಂಪು ಬಣ್ಣ ಹಾಕಲಿಲ್ಲ. ಸುಣ್ಣ ಸೇರಿದ ಕೂಡಲೇ ಅರಿಶಿನದ ಅಣುವಿನ ರೂಪ ಸ್ವಲ್ಪ ಬದಲಾಯಿತು, ಬಣ್ಣವೂ ಬದಲಾಯಿತು. ಅದೇ ಒಣ ಅರಿಶಿನದ ಪುಡಿಯನ್ನೂ ಒಣ ಸುಣ್ಣದ ಪುಡಿಯನ್ನೂ ಪಕ್ಕಪಕ್ಕ ಇಟ್ಟರೆ ಏನೂ ಆಗುವುದಿಲ್ಲ. ಒಂದು ಹನಿ ನೀರು ಬೀಳಬೇಕು.

ಥರ್ಮಲ್ ಪೇಪರಿನ ಮೇಲೆ ಇಂಥದೇ ಎರಡು ಪುಡಿಗಳು ಒಂದರ ಪಕ್ಕ ಒಂದು ಸುಮ್ಮನೆ ಕೂತಿರುತ್ತವೆ. ಒಂದು, ಬಣ್ಣವಿಲ್ಲದ ಬಣ್ಣ. ಅದಕ್ಕೆ ಲ್ಯೂಕೋ ಡೈ ಎನ್ನುತ್ತಾರೆ. ಲ್ಯೂಕೋ ಅಂದರೆ ಗ್ರೀಕ್ ಭಾಷೆಯಲ್ಲಿ ಬಿಳಿ. ಅದರ ಅಣುವಿನಲ್ಲಿ ಒಂದು ಉಂಗುರ ಮುಚ್ಚಿಕೊಂಡಿರುತ್ತದೆ. ಅದು ಮುಚ್ಚಿರುವ ತನಕ ಪುಡಿ ಬೆಳ್ಳಗಿರುತ್ತದೆ. ಇನ್ನೊಂದು ಪುಡಿಯ ಹೆಸರು ಡೆವಲಪರ್. ಇದು ಸ್ವಲ್ಪ ಹುಳಿ ಗುಣದ್ದು. ಆರತಿ ನೀರಿನಲ್ಲಿ ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಈ ಹುಳಿ ಮಾಡುತ್ತದೆ. ಎರಡೂ ಕರಗಿ ಬೆರೆತಾಗ ಹುಳಿ ತಾಗಿ ಉಂಗುರ ಬಿಚ್ಚಿಕೊಳ್ಳುತ್ತದೆ, ಅಣು ಬೆಳಕನ್ನು ಹೀರಲು ಶುರು ಮಾಡುತ್ತದೆ. ನಮ್ಮ ಕಣ್ಣಿಗೆ ಅದು ಕಪ್ಪು.

ಇಲ್ಲೊಂದು ತೊಡಕಿದೆ. ಈ ಪುಡಿಗಳು ಸುಲಭಕ್ಕೆ ಕರಗುವುದಿಲ್ಲ. ಡೆವಲಪರ್ ಆಗಿ ಬಹಳ ವರ್ಷ ಬಳಸಿದ ಬಿಪಿಎ ಎಂಬ ರಾಸಾಯನಿಕ ಕರಗಲು 155 ಡಿಗ್ರಿಗಿಂತ ಜಾಸ್ತಿ ಬೇಕು, ಬಣ್ಣದ ಪುಡಿಗೆ ಇನ್ನೂ ಜಾಸ್ತಿ. ಅಷ್ಟು ಬಿಸಿ ಮಾಡುತ್ತಾ ಕೂತರೆ ಕಂಡಕ್ಟರ್ ಮಷಿನ್ನಿನ ಬ್ಯಾಟರಿ ಮೊದಲ ಟ್ರಿಪ್ಪಿಗೇ ಮುಗಿದುಹೋಗುತ್ತದೆ. ಅದಕ್ಕೇ ಮೂರನೆಯ ಪುಡಿಯೊಂದನ್ನು ಸೇರಿಸಿರುತ್ತಾರೆ, ಸೆನ್ಸಿಟೈಜರ್ ಅಂತ. ಇದು ಮೇಣದ ಹಾಗೆ, 100 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ತಾನು ಮೊದಲು ತುಪ್ಪದ ಹಾಗೆ ಕರಗಿ, ಮಿಕ್ಕ ಎರಡನ್ನೂ ತನ್ನೊಳಗೆ ಕರಗಿಸಿಕೊಂಡು ಒಟ್ಟುಗೂಡಿಸುತ್ತದೆ. ಅರಿಶಿನ ಸುಣ್ಣದ ನಡುವೆ ಬಿದ್ದ ಆ ಒಂದು ಹನಿ ನೀರು ಅಂದೆನಲ್ಲ, ಇಲ್ಲಿ ಅದು ಇದೇ.

ಇದನ್ನು ಒಮ್ಮೆ ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನಿಮಗೇ ಉತ್ತರ ಗೊತ್ತಾಗುತ್ತದೆ. ಪುಡಿಗಳು ಬೇಡದ ಕಡೆ ಕೂಡಿದರೆ ಕಾಗದ ಕಪ್ಪಾಗುತ್ತದೆ. ಕೂಡಿದವು ಮತ್ತೆ ಬೇರೆಯಾದರೆ ಅಕ್ಷರ ಮಾಯವಾಗುತ್ತದೆ.

ಪುಡಿ ಅಂತೀರಿ, ಕೈಗೆ ಹತ್ತೋದೇ ಇಲ್ವಲ್ಲ?

ಪುಡಿ ಉದುರದಂತೆ ಅಂಟು ಬೆರೆಸಿ ಬಳಿದಿರುತ್ತಾರೆ. ಅದರ ಕೆಳಗೆ, ಕಾಗದಕ್ಕೂ ಪುಡಿಗೂ ಮಧ್ಯೆ, ಸುಟ್ಟ ಜೇಡಿಯಂಥ ವಸ್ತುವಿನ ಇನ್ನೊಂದು ಪದರ ಇರುತ್ತದೆ. ಅದು ಕಾಗದದ ತರಿಯನ್ನು ಮುಚ್ಚಿ ನುಣುಪು ಮಾಡುತ್ತದೆ. ಬಿಸಿ ಕೆಳಗಿಳಿದು ಹೋಗದಂತೆಯೂ ತಡೆಯುತ್ತದೆ. ಒಳ್ಳೆ ದರ್ಜೆಯ ಕಾಗದಕ್ಕೆ ಎಲ್ಲದರ ಮೇಲೆ ಒಂದು ರಕ್ಷಣೆಯ ಲೇಪವೂ ಇರುತ್ತದೆ. ಸಾಮಾನ್ಯ ಬಿಲ್ ರೋಲಿಗೆ ಅದು ಇರುವುದಿಲ್ಲ. ದುಡ್ಡಿನ ವ್ಯತ್ಯಾಸ ಅಲ್ಲೇ ಇರುವುದು.

ಪ್ರಿಂಟರ್ ಒಳಗೆ ಏನು ನಡೆಯುತ್ತದೆ?

ಕಾಗದ ಒಂದು ರಬ್ಬರ್ ರೋಲರ್ ಮತ್ತು ಒಂದು ಪಟ್ಟಿಯ ನಡುವೆ ಒತ್ತಿಕೊಂಡು ಹೋಗುತ್ತದೆ. ಆ ಪಟ್ಟಿಯೇ ಪ್ರಿಂಟ್ ಹೆಡ್. ಅದರ ಮೇಲೆ ಸಾಲಾಗಿ ಕಣ್ಣಿಗೆ ಕಾಣದಷ್ಟು ಚಿಕ್ಕ ಹೀಟರ್‌ಗಳು. ಸಾಮಾನ್ಯ ಹೆಡ್‌ನಲ್ಲಿ ಒಂದು ಮಿಲಿಮೀಟರಿಗೆ 8 ಹೀಟರ್. 58 ಮಿಲಿಮೀಟರ್ ಅಗಲದ ರೋಲಿನಲ್ಲಿ ಅಕ್ಷರ ಬೀಳುವುದು 48 ಮಿಲಿಮೀಟರ್ ಜಾಗದಲ್ಲಿ. ಅಂದರೆ 384 ಹೀಟರ್. 80 ಮಿಲಿಮೀಟರ್ ರೋಲಿನಲ್ಲಿ 72 ಮಿಲಿಮೀಟರ್, 576 ಹೀಟರ್.

ಒಂದೊಂದು ಹೀಟರ್ ಒಂದೊಂದು ಚುಕ್ಕೆ. ಯಾವುದು ಬಿಸಿಯಾಗಬೇಕು, ಯಾವುದು ಸುಮ್ಮನಿರಬೇಕು ಅಂತ ಸಾಲುಸಾಲಿಗೂ ಆಜ್ಞೆ ಹೋಗುತ್ತದೆ. ಸೆಕೆಂಡಿಗೆ 100 ಮಿಲಿಮೀಟರ್ ವೇಗದಲ್ಲಿ ಕಾಗದ ಓಡಿದರೆ ಸೆಕೆಂಡಿಗೆ 800 ಸಾಲು ಆಯಿತು. ಒಂದು ಸಾಲಿಗೆ ಸಿಗುವುದು ಒಂದೂಕಾಲು ಮಿಲಿಸೆಕೆಂಡ್. ಅಷ್ಟರಲ್ಲಿ ಕಾಯಬೇಕು, ಆರಬೇಕು, ಮುಂದಿನ ಸಾಲಿಗೆ ತಯಾರಾಗಬೇಕು. ಆರುವುದು ತಡವಾದರೆ ಅಕ್ಷರಕ್ಕೆ ಬಾಲ ಬರುತ್ತದೆ. ನನ್ನ ಕೇಳಿದರೆ ಈ ಮಷಿನ್ನಿನಲ್ಲಿ ಮೆಚ್ಚಬೇಕಾದದ್ದು ಕಾಯುವುದಲ್ಲ, ಆರುವುದು.

ಹೊಸ ರೋಲ್ ಹಾಕಿದೆ, ಬಿಲ್ ಪೂರ್ತಿ ಖಾಲಿ ಬರುತ್ತಿದೆ. ಮಷಿನ್ ಕೆಟ್ಟಿತಾ?

ಹತ್ತರಲ್ಲಿ ಒಂಬತ್ತು ಸಲ ರೋಲ್ ಉಲ್ಟಾ ಹಾಕಿರುತ್ತೀರಿ. ಪುಡಿ ಇರುವುದು ಒಂದೇ ಬದಿಗೆ. ಉಗುರಿನಿಂದ ಜೋರಾಗಿ ಗೀಚಿ ನೋಡಿ. ಕಪ್ಪು ಗೆರೆ ಬಿದ್ದ ಬದಿ ಹೆಡ್‌ಗೆ ತಾಗಬೇಕು. ಉಜ್ಜಿದ ಬಿಸಿಗೇ ಗೆರೆ ಬೀಳುತ್ತದೆ. ಎರಡೂ ಬದಿ ಗೆರೆ ಬೀಳದಿದ್ದರೆ ಅದು ಥರ್ಮಲ್ ಪೇಪರೇ ಅಲ್ಲ, ಬರಿ ಕಾಗದದ ರೋಲ್. ಅಂಗಡಿಯವನಿಗೆ ವಾಪಸ್ ಕೊಡಿ.

ಬಿಲ್ ಯಾಕೆ ಮಾಸಿಹೋಗುತ್ತದೆ?

ಎಲ್ಲರ ಸಿಟ್ಟೂ ಇದರ ಮೇಲೇ. ಫ್ರಿಜ್ಜಿಗೆ 10 ವರ್ಷದ ಗ್ಯಾರಂಟಿ ಅಂತಾರೆ, ಅದರ ಬಿಲ್ಲು 10 ತಿಂಗಳೂ ಬಾಳುವುದಿಲ್ಲ.

ಕಾರಣ ಮೇಲೆ ಹೇಳಿದ್ದೇ. ಅಕ್ಷರ ಅಂದರೆ ಎರಡು ಪುಡಿಗಳು ಕೂಡಿಕೊಂಡಿರುವ ಜಾಗ. ಆ ಕೂಟ ಗಟ್ಟಿಯಾದದ್ದಲ್ಲ. ಯಾವುದಾದರೂ ಎಣ್ಣೆಯಂಥ ವಸ್ತು ನಡುವೆ ನುಗ್ಗಿದರೆ ಬಣ್ಣದ ಅಣು ಹುಳಿಯ ಕೈಬಿಟ್ಟು ಮತ್ತೆ ಉಂಗುರ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಅಕ್ಷರ ಹೋಯಿತು. ಕೈಗೆ ಹಚ್ಚಿದ ಕ್ರೀಮು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೋಂಡದ ಜಿಡ್ಡು, ಯಾವುದಾದರೂ ಆದೀತು. ಬೇಕರಿಯಲ್ಲಿ ಪಫ್ಸ್ ಪೊಟ್ಟಣದ ಜೊತೆ ಬಿಲ್ ಮಡಚಿ ಕೊಟ್ಟರೆ ಮನೆ ಮುಟ್ಟುವಷ್ಟರಲ್ಲಿ ಅರ್ಧ ಹೋಗಿರುತ್ತದೆ.

ಇವುಗಳಿಗಿಂತ ಕೆಟ್ಟದ್ದು ಪ್ಲಾಸ್ಟಿಕ್ ಕವರ್. ಮೆತ್ತಗಿರುವ ಪಿವಿಸಿ ಕವರ್ ಮೆತ್ತಗಿರುವುದೇ ಅದರೊಳಗೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ವಸ್ತು ಇರುವುದರಿಂದ. ಅದು ನಿಧಾನವಾಗಿ ಹೊರಗೆ ಬರುತ್ತಲೇ ಇರುತ್ತದೆ. ಜೋಪಾನವಾಗಿರಲಿ ಅಂತ ಪರ್ಸಿನ ಪಾರದರ್ಶಕ ಖಾನೆಯಲ್ಲಿ ಇಟ್ಟ ಬಿಲ್ಲೇ ಎಲ್ಲಕ್ಕಿಂತ ಬೇಗ ಹಾಳಾಗುವುದು ಅದಕ್ಕೇ. ಟೇಪ್ ಅಂಟಿಸಿದರೂ ಅಷ್ಟೇ. ಟೇಪಿನ ಗೋಂದು ಅಕ್ಷರವನ್ನು ತಿನ್ನುತ್ತದೆ. ಹರಿದ ಬಿಲ್ಲಿಗೆ ಟೇಪ್ ಹಾಕಲೇಬೇಕಾದರೆ ಹಿಂಬದಿಗೆ ಹಾಕಿ.

ಬಿಸಿಲು ಬಿದ್ದರೂ ಮಾಸುತ್ತದೆ. ತೇವಕ್ಕೂ ಮಾಸುತ್ತದೆ. ಕರಾವಳಿ, ಮಲೆನಾಡಿನ ಕಡೆಯವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಚೀಟಿ ಮಾಸುವ ಬದಲು ಪೂರ್ತಿ ಕಪ್ಪಾಯಿತು. ಯಾಕೆ?

ಅಲ್ಲಿ ಬಿಸಿಯದ್ದೇ ಮೇಲುಗೈ. ಸಾಮಾನ್ಯ ಥರ್ಮಲ್ ಪೇಪರ್ 65-70 ಡಿಗ್ರಿಗೇ ಬಣ್ಣ ತಿರುಗಲು ಶುರು ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಅದು ದೊಡ್ಡ ಲೆಕ್ಕವಲ್ಲ. ಪುಡಿ ಇಡೀ ಕಾಗದದ ಮೇಲೆ ಇದೆ, ಹಾಗಾಗಿ ಇಡೀ ಕಾಗದ ಕಪ್ಪು.

ಲ್ಯಾಮಿನೇಷನ್ ಮಾಡಿಸಿಟ್ಟರೆ ಉಳಿಯುತ್ತಲ್ವಾ?

ದಯವಿಟ್ಟು ಬೇಡ. ಈ ತಪ್ಪು ನಾನೇ ಮಾಡಿದ್ದೇನೆ, ಅದೂ ಈ ಕೆಲಸದಲ್ಲಿ ಇದ್ದುಕೊಂಡು. ಅಪ್ಪನಿಗೆ ಎದೆನೋವು ಬಂದಾಗ ತೆಗೆದ ಮೊದಲ ಇಸಿಜಿ ಜೋಪಾನವಾಗಿರಲಿ ಅಂತ ಲ್ಯಾಮಿನೇಷನ್‌ಗೆ ಕೊಟ್ಟೆ. ಆಸ್ಪತ್ರೆಯ ಗಡಿಬಿಡಿ, ತಲೆ ಓಡಲಿಲ್ಲ. ಆ ಹುಡುಗ ಕಾದ ರೋಲರ್ ಒಳಗೆ ಹಾಕಿದ. ಈ ಕಡೆ ಹೋದದ್ದು ಗುಲಾಬಿ ಚೌಕದ ಮೇಲಿನ ಹೃದಯದ ಗೆರೆ, ಆ ಕಡೆ ಬಂದದ್ದು ಹೊಳೆಯುವ ಕಪ್ಪು ಹಲಗೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಮುಖ ನೋಡಿದರು. "ಏನ್ ಕೆಲಸ ಮಾಡ್ತೀರಿ?" ಅಂತ ಕೇಳಿದರು. ನಾನು ಹೇಳಲಿಲ್ಲ.

ಇಸಿಜಿ ಇದ್ದರೆ ಅದೇ ದಿನ ಜೆರಾಕ್ಸ್ ಮಾಡಿಸಿ, ಫೋಟೋನೂ ತೆಗೆದಿಟ್ಟುಕೊಳ್ಳಿ. ಹಳೆ ಇಸಿಜಿಯ ಜೊತೆ ಹೊಸದನ್ನು ಹೋಲಿಸಿ ನೋಡುವುದು ಡಾಕ್ಟರಿಗೆ ತುಂಬ ಮುಖ್ಯ. ಜೆರಾಕ್ಸ್ ಅಳತೆಯಲ್ಲಿ ಹಿಗ್ಗದೆ ಕುಗ್ಗದೆ ಅಷ್ಟಕ್ಕಷ್ಟೇ ಬರಲಿ. ಸಾಮಾನ್ಯ ಇಸಿಜಿಯಲ್ಲಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಚೌಕ ಎಣಿಸಿಯೇ ಲೆಕ್ಕ ಹಾಕುವುದು.

ಸ್ಯಾನಿಟೈಜರ್ ಕೈಯಲ್ಲಿ ಮುಟ್ಟಿದ್ದಕ್ಕೆ ಬಿಲ್ ಮೇಲೆ ಕಪ್ಪು ಕಲೆ ಬಿತ್ತು?

ಕೊರೊನಾ ಕಾಲದಲ್ಲಿ ಇದನ್ನು ದಿನಾ ಕೇಳುತ್ತಿದ್ದರು. ಸ್ಯಾನಿಟೈಜರ್ ಅಂದರೆ ಬಹುಪಾಲು ಆಲ್ಕೋಹಾಲ್. ಅದು ಎರಡೂ ಪುಡಿಗಳನ್ನು ಕರಗಿಸುತ್ತದೆ. ಕರಗಿದರೆ ಬೆರೆಯುತ್ತವೆ, ಬೆರೆತರೆ ಕಪ್ಪು. ಬಿಸಿಯೇ ಬೇಕೆಂದಿಲ್ಲ, ಕರಗುವುದು ಮುಖ್ಯ. ಸೆಂಟ್ ಬಿದ್ದರೂ ಅದೇ.

ಹಾಗಾದ್ರೆ ಬಿಲ್ ಎಷ್ಟು ವರ್ಷ ಬಾಳುತ್ತದೆ?

ರೋಲಿನ ಮೇಲೆ 5 ವರ್ಷ, 7 ವರ್ಷ ಅಂತ ಬರೆದಿರುತ್ತದೆ. ಅದು ಸುಳ್ಳಲ್ಲ. ಆದರೆ ಆ ಲೆಕ್ಕ ಕತ್ತಲಲ್ಲಿ, 25 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ, ತೇವ ಇಲ್ಲದ ಕಡೆ, ಪ್ಲಾಸ್ಟಿಕ್ ತಾಗದಂತೆ ಇಟ್ಟರೆ. ನಮ್ಮ ಮನೆಯ ಗಾಡ್ರೆಜ್ ಬೀರುವಿಗೆ ಈ ನಿಯಮ ಯಾರು ಹೇಳಬೇಕು?

ವ್ಯಾಪಾರಸ್ಥರಿಗೆ ಒಂದು ಮಾತು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಆರು ವರ್ಷ! ಥರ್ಮಲ್ ಚೀಟಿ ನಂಬಿ ಕೂರುವ ಹಾಗಿಲ್ಲ. ಖರೀದಿ ಬಿಲ್ ಥರ್ಮಲ್ ಕಾಗದದಲ್ಲಿ ಬಂದರೆ ಅವತ್ತೇ ಸ್ಕ್ಯಾನ್ ಮಾಡಿ ಫೈಲಿಗೆ ಹಾಕಿ. ಗ್ರಾಹಕರಿಗೂ ಇದೇ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಕಾಶ ಇದೆ. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಬರಿ ಬಿಳಿ ಚೀಟಿ ಇದ್ದರೆ ಕಷ್ಟ.

ಕಾಗದವನ್ನೇ ಇಡಬೇಕು ಅಂದರೆ ಕಾಗದದ ಲಕೋಟೆಯಲ್ಲಿ, ಕತ್ತಲಲ್ಲಿ ಇಡಿ. ಎರಡು ಬಿಲ್ಲುಗಳನ್ನು ಅಕ್ಷರ ಬದಿ ಮುಖಾಮುಖಿ ಮಾಡಿ ಇಡಬೇಡಿ.

ಮಾಸಿಹೋದ ಬಿಲ್ಲನ್ನು ಓದುವ ದಾರಿ ಇದೆಯಾ?

ಸ್ವಲ್ಪ. ಮೊದಲು ಮೊಬೈಲಿನಲ್ಲಿ ಚೆನ್ನಾಗಿ ಫೋಟೋ ತೆಗೆಯಿರಿ. ಕಾಂಟ್ರಾಸ್ಟ್ ಪೂರ್ತಿ ಏರಿಸಿ. ಬಣ್ಣ ತಿರುಗುಮುರುಗು ಮಾಡಿ ನೋಡಿ. ಕಣ್ಣಿಗೆ ಕಾಣದ ಅಕ್ಷರ ಎಷ್ಟೋ ಸಲ ಹೀಗೆ ಕಾಣುತ್ತದೆ.

ಅದಾದ ಮೇಲೂ ಕಾಣದಿದ್ದರೆ ಹೇರ್ ಡ್ರೈಯರ್‌ನಿಂದ ಹಿಂಬದಿಗೆ ಮೆಲ್ಲಗೆ ಬಿಸಿ ಗಾಳಿ ಹಿಡಿಯಬಹುದು. ಸುತ್ತಲಿನ ಜಾಗ ಬೂದು ಬಣ್ಣಕ್ಕೆ ತಿರುಗಿ, ಅಕ್ಷರ ಇದ್ದ ಜಾಗ ಬೇರೆಯಾಗಿ ಕಾಣುವುದುಂಟು. ಕೈಕೊಟ್ಟರೆ ಇಡೀ ಬಿಲ್ ಕಪ್ಪಾಗುತ್ತದೆ, ಮತ್ತೆ ಅವಕಾಶ ಇಲ್ಲ. ಫೋಟೋ ಮೊದಲು ಅಂದದ್ದು ಅದಕ್ಕೇ. ಇಸ್ತ್ರಿ ಪೆಟ್ಟಿಗೆ ಮಾತ್ರ ಹತ್ತಿರ ತರಬೇಡಿ.

ಈ ಕಾಗದ ಮುಟ್ಟಿದರೆ ಆರೋಗ್ಯಕ್ಕೆ ತೊಂದರೆಯೇ?

ಹೆದರಿಸುವ ವಾಟ್ಸ್ಯಾಪ್ ಸಂದೇಶಗಳಲ್ಲಿ ಇರುವಷ್ಟು ಅಲ್ಲ, ಏನೂ ಇಲ್ಲ ಅಂತಲೂ ಅಲ್ಲ. ಡೆವಲಪರ್ ಆಗಿ ಬಳಸುತ್ತಿದ್ದ ಬಿಪಿಎ, ಅಂದರೆ ಬಿಸ್ಫೀನಾಲ್ ಎ, ನಮ್ಮ ದೇಹದ ಈಸ್ಟ್ರೋಜೆನ್ ಹಾರ್ಮೋನಿನ ಹಾಗೆ ನಟಿಸಬಲ್ಲದು. ಪ್ಲಾಸ್ಟಿಕ್‌ನಲ್ಲಿ ಅದು ಬಿಗಿಯಾಗಿ ಸೇರಿಕೊಂಡಿರುತ್ತದೆ. ಥರ್ಮಲ್ ಪೇಪರಿನಲ್ಲಿ ಅಂಟು ಬೆರೆಸಿದ್ದರೂ ಬಿಡಿಪುಡಿಯಾಗಿ ಮೇಲೇ ಇರುತ್ತದೆ, ಹಾಗಾಗಿ ಕಣ್ಣಿಗೆ ಕಾಣದಷ್ಟು ಬೆರಳಿಗೆ ಹತ್ತುತ್ತದೆ.

ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರು ಸ್ಯಾನಿಟೈಜರ್ ಹಚ್ಚಿಕೊಂಡು, ಬಿಲ್ ಹಿಡಿದು, ಅದೇ ಕೈಯಲ್ಲಿ ಫ್ರೆಂಚ್ ಫ್ರೈಸ್ ತಿಂದರೆ ರಕ್ತದಲ್ಲೂ ಮೂತ್ರದಲ್ಲೂ ಬಿಪಿಎ ಏರುವುದನ್ನು ಕಂಡರು. ಯುರೋಪಿಯನ್ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಪೇಪರಿನಲ್ಲಿ ತೂಕದ 0.02 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಬಿಪಿಎ ಇರುವಂತಿಲ್ಲ ಎಂದಿತು. ಬಹಳ ಕಂಪನಿಗಳು ಅದರ ಬದಲು ಬಿಪಿಎಸ್ ಹಾಕಿದವು. ಅದು ಬಿಪಿಎಯ ಹತ್ತಿರದ ನೆಂಟ. ಕಳ್ಳನ ಜಾಗಕ್ಕೆ ಅವನ ತಮ್ಮನನ್ನು ಕಾವಲಿಟ್ಟ ಹಾಗೆ. ಸ್ವಿಟ್ಜರ್ಲೆಂಡ್ ಎರಡನ್ನೂ ಸೇರಿಸಿ ತಡೆಯಿತು.

ದಿನಕ್ಕೆ ಒಂದೆರಡು ಬಿಲ್ ಮುಟ್ಟುವವರು ತಲೆ ಕೆಡಿಸಿಕೊಳ್ಳುವುದು ಬೇಡ. ನನಗೆ ಯೋಚನೆಯಾಗುವುದು ದಿನವಿಡೀ ಬಿಲ್ ಹರಿದುಕೊಡುವ ಕ್ಯಾಶಿಯರ್ ಹೆಣ್ಣುಮಕ್ಕಳದು, ಕಂಡಕ್ಟರುಗಳದು. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಬರಿ ಸ್ಯಾನಿಟೈಜರ್ ಸಾಲದು, ಅದು ಬಿಪಿಎ ಚರ್ಮದೊಳಗೆ ಇಳಿಯಲು ದಾರಿ ಮಾಡಿಕೊಡುತ್ತದೆ. ಟಿಕೆಟನ್ನು ಬಾಯಲ್ಲಿ ಕಚ್ಚಿಕೊಂಡು ಚಿಲ್ಲರೆ ಹುಡುಕುವ ಅಭ್ಯಾಸ ಬಿಡಿ. ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ರೋಲ್ ಕೊಳ್ಳುವ ಅಂಗಡಿಯವರು "ಫೀನಾಲ್ ಇಲ್ಲದ್ದು", ಅಂದರೆ ಬಿಪಿಎ, ಬಿಪಿಎಸ್ ಜಾತಿಯ ಪುಡಿ ಇಲ್ಲದ್ದು, ಅಂತ ಕೇಳಿ ತಗೊಳ್ಳಬಹುದು. ಸ್ವಲ್ಪ ದುಬಾರಿ.

ಡೆವಲಪರ್ರೇ ಇಲ್ಲದ ಕಾಗದವೂ ಬಂದಿದೆ. ಜರ್ಮನಿಯ ಕೋಹ್ಲರ್ ಕಂಪನಿಯ ನೀಲಿಛಾಯೆಯ ಕಾಗದದಲ್ಲಿ ಕೆಳಗೆ ಕಪ್ಪು ಪದರ, ಮೇಲೆ ಗಾಳಿಗುಳ್ಳೆ ತುಂಬಿದ ಮಬ್ಬು ಪದರ. ಬಿಸಿ ತಾಗಿದ ಕಡೆ ಗುಳ್ಳೆ ಕುಸಿದು ಕೆಳಗಿನ ಕಪ್ಪು ಕಾಣುತ್ತದೆ. ರಸಾಯನದ ಆಟವೇ ಇಲ್ಲ. ಜಾಣ ಉಪಾಯ.

ಇದನ್ನು ರದ್ದಿ ಪೇಪರಿಗೆ ಹಾಕಬಹುದಾ?

ಹಾಕದಿರುವುದು ವಾಸಿ. ಮರುಬಳಕೆಯ ತಿರುಳಿನಲ್ಲಿ ಈ ಪುಡಿ ಸೇರಿ ಟಿಶ್ಯೂ ಪೇಪರಿನ ತನಕ ಹೋಗುತ್ತದೆ.

ಯಾವ ರೋಲ್ ತಗೊಳ್ಳಲಿ?

ಅಂಗಡಿಯಲ್ಲಿ "ಟೂ ಇಂಚ್", "ತ್ರೀ ಇಂಚ್" ಅಂತ ಕೇಳಿದರೆ 57 ಮತ್ತು 79 ಮಿಲಿಮೀಟರ್ ಅಗಲದ್ದು ಕೊಡುತ್ತಾರೆ. ಅಗಲ ಎಲ್ಲರೂ ನೋಡುತ್ತಾರೆ, ಉದ್ದ ಯಾರೂ ನೋಡುವುದಿಲ್ಲ. ಮೋಸ ಇರುವುದೇ ಅಲ್ಲಿ. ಒಳಗಿನ ಕೊಳವೆ ದಪ್ಪ ಮಾಡಿ, ಸಡಿಲವಾಗಿ ಸುತ್ತಿದರೆ ಕಡಿಮೆ ಕಾಗದವೂ ತುಂಬಿದ ರೋಲಿನ ಹಾಗೆ ಕಾಣುತ್ತದೆ. ಒಂದು ಬಿಲ್ 12 ಸೆಂಟಿಮೀಟರ್ ಆದರೆ 15 ಮೀಟರ್ ರೋಲಿಗೆ 125 ಬಿಲ್ ಬರಬೇಕು. ಒಂದು ರೋಲ್ ಎಣಿಸಿ ನೋಡಿ, ವ್ಯಾಪಾರಿಯ ಬಣ್ಣ ಬಯಲಾಗುತ್ತದೆ.

ಎರಡನೆಯದು ನುಣುಪು. ಒರಟು ಕಾಗದ ಹೆಡ್ಡನ್ನು ಮರಳು ಕಾಗದದ ಹಾಗೆ ತಿನ್ನುತ್ತದೆ. ರೋಲಿಗೆ ಉಳಿಸಿದ ಪುಡಿಗಾಸನ್ನು ಹೆಡ್ಡಿಗೆ ಸುರಿಯುತ್ತೀರಿ. ನನಗೆ ವ್ಯಾಪಾರ, ನಿಮಗೆ ನಷ್ಟ. ರೋಲ್ ಮುಗಿಯುವಾಗ ಅಂಚಿನಲ್ಲಿ ಕೆಂಪು ಪಟ್ಟಿ ಬರುವಂಥದ್ದು ಒಳ್ಳೆಯದು, ಗಿರಾಕಿ ಎದುರು ಪರದಾಡುವುದು ತಪ್ಪುತ್ತದೆ. ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಂಡು ಒಲೆ ಪಕ್ಕದ ಕಪಾಟಿನಲ್ಲಿ ತುಂಬಬೇಡಿ.

ಬಿಲ್ಲಿನ ಉದ್ದಕ್ಕೂ ಒಂದು ಬಿಳಿ ಗೆರೆ ಬರುತ್ತದೆ. ಏನು ಮಾಡಲಿ?

ಆ ಜಾಗದ ಹೀಟರ್ ಮೇಲೆ ಕೊಳೆ ಕೂತಿದೆ, ಇಲ್ಲವೇ ಹೀಟರ್ ಸುಟ್ಟಿದೆ. ಮಷಿನ್ ಆಫ್ ಮಾಡಿ, ಆರಲು ಬಿಡಿ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಹೆಡ್ ಒರೆಸಿ, ಒಣಗಿದ ಮೇಲೆ ಕಾಗದ ಹಾಕಿ. ಗೆರೆ ಹೋದರೆ ಕೊಳೆ, ಹೋಗದಿದ್ದರೆ ಹೆಡ್ ಬದಲಿಸಬೇಕು. ಬ್ಲೇಡಿನಿಂದ ಕೆರೆದವರು ಒಂದು ಗೆರೆಯ ಜಾಗದಲ್ಲಿ ನಾಲ್ಕು ಗೆರೆ ಮಾಡಿಕೊಂಡು ಬಂದದ್ದನ್ನು ನೋಡಿದ್ದೇನೆ.

ಇಡೀ ಬಿಲ್ ಮಬ್ಬಾಗಿ ಬಂದರೆ ಬ್ಯಾಟರಿ ನೋಡಿ. ಅಷ್ಟೂ ಹೀಟರ್ ಒಟ್ಟಿಗೆ ಕಾಯಲು ತುಂಬ ಕರೆಂಟ್ ಬೇಕು. ಬಿಲ್ಲಿನ ತಲೆಯ ಮೇಲೆ ದಟ್ಟ ಕಪ್ಪು ಲೋಗೋ ಹಾಕಿಸಿಕೊಂಡವರಿಗೆ ಈ ತೊಂದರೆ ಜಾಸ್ತಿ.

ಇದನ್ನು ಕಂಡುಹಿಡಿದವರು ಯಾರು?

ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ. ಗಲ್ಲಾ ಮಷಿನ್ ಮಾಡುತ್ತಿದ್ದವರೇ. 1950ರ ದಶಕದಲ್ಲಿ ಅವರು ಕಾರ್ಬನ್ ಇಲ್ಲದ ನಕಲು ಕಾಗದ ತಂದರು. ಮೇಲೆ ಪೆನ್ನಿನಿಂದ ಒತ್ತಿದರೆ ಸಣ್ಣ ಗುಳಿಗೆಗಳು ಒಡೆದು ಬಣ್ಣವಿಲ್ಲದ ಬಣ್ಣ ಹೊರಬಂದು ಕೆಳಗಿನ ಹಾಳೆಯಲ್ಲಿ ನೀಲಿಯಾಗುತ್ತಿತ್ತು. ಒತ್ತುವ ಬದಲು ಬಿಸಿ ಮಾಡಿದರೆ ಹೇಗೆ ಎಂಬುದು ಮುಂದಿನ ಹೆಜ್ಜೆ, 1960ರ ದಶಕದ್ದು. ಮಷಿನ್ ಕಡೆಯಿಂದ ನೋಡಿದರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಜಾಕ್ ಕಿಲ್ಬಿ ಹೆಸರು ಬರುತ್ತದೆ. ಇಂಟಿಗ್ರೇಟೆಡ್ ಸರ್ಕ್ಯೂಟಿಗಾಗಿ 2000ದಲ್ಲಿ ನೊಬೆಲ್ ಪಡೆದವರು. ಥರ್ಮಲ್ ಪ್ರಿಂಟರ್ ರೂಪಿಸಿದವರಲ್ಲೂ ಒಬ್ಬರು. ಆ ಕಂಪನಿ 1971ರಲ್ಲಿ ಸೈಲೆಂಟ್ 700 ಎಂಬ ಟರ್ಮಿನಲ್, ಅಂದರೆ ದೂರದ ಕಂಪ್ಯೂಟರಿಗೆ ಜೋಡಿಸುವ ಕೀಬೋರ್ಡ್ ಮತ್ತು ಪ್ರಿಂಟರ್ ಕೂಡಿದ ಮಷಿನ್, ಬಿಟ್ಟಿತು. ಬೇರೆ ಮಷಿನ್‌ಗಳ ಹಾಗೆ ಕಾಗದಕ್ಕೆ ಬಡಿಯುವ ಸದ್ದಿಲ್ಲ, ಅದಕ್ಕೇ ಆ ಹೆಸರು. ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು. ಆಮೇಲೆ ಫ್ಯಾಕ್ಸ್ ಬಂದು ಈ ಕಾಗದ ಆಫೀಸು ಆಫೀಸಿಗೂ ಹೊಕ್ಕಿತು.

ಲೇಬಲ್ ಪ್ರಿಂಟರ್‌ಗೆ ರಿಬ್ಬನ್ ಇರುತ್ತಲ್ಲ, ಅದು ಬೇರೆಯೇ?

ಬೇರೆ. ಅದು ಥರ್ಮಲ್ ಟ್ರಾನ್ಸ್‌ಫರ್. ರಿಬ್ಬನ್ನಿನ ಮೇಣವನ್ನು ಬಿಸಿ ಮಾಡಿ ಸಾಮಾನ್ಯ ಲೇಬಲ್ಲಿಗೆ ಅಂಟಿಸುತ್ತದೆ. ವರ್ಷಗಟ್ಟಲೆ ಬಾಳುತ್ತದೆ. ನಾಲ್ಕು ದಿನದಲ್ಲಿ ಕೆಲಸ ಮುಗಿಯುವ ಕೊರಿಯರ್ ಪೊಟ್ಟಣಕ್ಕೆ ರಿಬ್ಬನ್ ಬೇಡ, ಗೋದಾಮಿನಲ್ಲಿ ಕೂರುವ ಸರಕಿಗೆ ಬೇಕು.

ಮಕ್ಕಳಿಗೆ ಇದನ್ನು ತೋರಿಸುವುದು ಹೇಗೆ?

ಒಂದು ಮೊಳ ಖಾಲಿ ರೋಲ್ ಹರಿದು ಮೇಜಿನ ಮೇಲೆ ಹಾಸಿ, ನುಣುಪು ಬದಿ ಮೇಲಿರಲಿ. ಆಗಷ್ಟೇ ಕುದಿಸಿದ ನೀರನ್ನು ಸ್ಟೀಲ್ ಲೋಟಕ್ಕೆ ಹಾಕಿ, ದೊಡ್ಡವರೇ ಬಟ್ಟೆಯಲ್ಲಿ ಹಿಡಿದು ಕಾಗದದ ಮೇಲೆ ಇಡಿ. ಎತ್ತಿದರೆ ತಳದ ಅಂಚಿನ ಗುಂಡನೆಯ ಮುದ್ರೆ. ಪಕ್ಕದಲ್ಲಿ ಉಗುರಿನಿಂದ ಮಗುವಿನ ಹೆಸರು ಗೀಚಿ. ಇನ್ನೊಂದು ಕಡೆ ಒಂದು ಹನಿ ಸ್ಯಾನಿಟೈಜರ್. ಮೂರು ದಾರಿ, ಮೂರರಲ್ಲೂ ಕಪ್ಪು. ಹೆಸರಿನ ಮೇಲೆ ಕೊಬ್ಬರಿ ಎಣ್ಣೆ ಸವರಿ ಗೋಡೆಗೆ ಅಂಟಿಸಿಡಿ, ಶಾಲೆಗೆ ಹೋಗುವ ಮುಂಚೆ ದಿನಾ ಬಂದು ನೋಡುತ್ತಾರೆ. ಆಮೇಲೆ ಕೈ ತೊಳೆಸಿ.